ಚಪ್ಪಲಿ ಹೊರಗೆ ಬಿಡಿ ಅನ್ನುವ ಬೋರ್ಡು ಯಾರ ಕಾಲಿಗೆ?

ದಾವಣಗೆರೆಯ ಎಷ್ಟೋ ಕ್ಲಿನಿಕ್ಕುಗಳ ಬಾಗಿಲಲ್ಲಿ ಡಾಕ್ಟರ ಹೆಸರಿಗಿಂತ ಮೊದಲು ಕಣ್ಣಿಗೆ ಬೀಳುವುದು 'ದಯವಿಟ್ಟು ಪಾದರಕ್ಷೆಗಳನ್ನು ಹೊರಗೆ ಬಿಡಿ' ಅನ್ನುವ ಬೋರ್ಡು. ಅದರ ಕೆಳಗೆ ಚಪ್ಪಲಿಗಳ ರಾಶಿ. ಜಗಳೂರು ಕಡೆಯಿಂದ ಬಸ್ ಹತ್ತಿ ಬಂದ ಅಜ್ಜನ ದಪ್ಪ ಮೆಟ್ಟು, ಅದರ ಮೇಲೆ ಯಾವುದೋ ಕಾಲೇಜು ಹುಡುಗಿಯ ಸ್ಯಾಂಡಲ್, ಪಕ್ಕದಲ್ಲಿ ಒಂದೇ ಒಂದು ಹವಾಯಿ ಚಪ್ಪಲಿ, ಅದರ ಜೊತೆ ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಕೂತು ಬಿಚ್ಚೋಣ ಅಂದರೆ ಒಂದು ಸ್ಟೂಲೂ ಇರುವುದಿಲ್ಲ. ಮಂಡಿ ನೋವು ತೋರಿಸೋಕೆ ಬಂದವರು ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಂತು ಚಪ್ಪಲಿಯ ಬೆಲ್ಟ್ ಬಿಚ್ಚಬೇಕು. ಸರಿ, ಬಿಚ್ಚಿ ಒಳಗೆ ಹೋದರೆ ಡಾಕ್ಟರ ಕಾಲಲ್ಲಿ ಶೂ ಇರುತ್ತೆ. ಚೀಟಿ ಕೊಡುವ ಹುಡುಗನ ಕಾಲಲ್ಲಿ ಚಪ್ಪಲಿ ಇರುತ್ತೆ. ಬ್ಯಾಗ್ ಹಿಡಿದು ಬಂದ ಮೆಡಿಕಲ್ ರೆಪ್ ಫಳಫಳ ಹೊಳೆಯುವ ಶೂ ಸಮೇತ ಒಳಗೆ ಹೋಗಿ, ಅದೇ ಶೂ ಸಮೇತ ಹೊರಗೆ ಬರುತ್ತಾರೆ. ಧೂಳು ಬರಬಾರದು ಅಂತ ಬೋರ್ಡು ಹಾಕಿದ್ದಾದರೆ ಅವರ ಶೂಗೆ ಧೂಳು ಹತ್ತೋದಿಲ್ವಾ?

ಇದು ಒಂದು ಕ್ಲಿನಿಕ್ಕಿನ ಕಥೆಯಾಗಿದ್ದರೆ ಬಿಟ್ಟುಬಿಡಬಹುದಿತ್ತು. ಚಪ್ಪಲಿ, ಕಾಲು, ಪಾದ ಇವುಗಳ ಸುತ್ತ ನಮ್ಮ ಕಡೆ ಇರುವ ರೀತಿರಿವಾಜುಗಳನ್ನ ಸ್ವಲ್ಪ ಕೆದಕಿದರೆ ಅಲ್ಲಿ ಎರಡು ಬೇರೆ ಬೇರೆ ನಿಯಮಗಳು ಬೆರೆತುಹೋಗಿರುವುದು ಕಾಣುತ್ತದೆ. ಒಂದು ಧೂಳಿನ ನಿಯಮ, ಇನ್ನೊಂದು ದರ್ಜೆಯ ನಿಯಮ. ಮೊದಲನೆಯದು ಮನೆ ಚೊಕ್ಕಟವಾಗಿಡುತ್ತದೆ. ಎರಡನೆಯದು ಯಾರು ಮೇಲೆ, ಯಾರು ಕೆಳಗೆ ಅಂತ ನೆನಪಿಸುತ್ತಿರುತ್ತದೆ. ಎರಡಕ್ಕೂ 'ಸಂಸ್ಕೃತಿ' ಅಂತ ಒಂದೇ ಹೆಸರು ಇಟ್ಟುಬಿಟ್ಟಿದ್ದೇವೆ. ಇವುಗಳನ್ನ ಬಿಡಿಸಿ ನೋಡೋಕೆ ಒಂದು ಪ್ರಶ್ನೆ ಸಾಕು ಅಂತ ನನಗನ್ನಿಸುತ್ತೆ: ಈ ನಿಯಮ ಎಲ್ಲರ ಕಾಲಿಗೂ ಒಂದೇನಾ?

ಧೂಳಿನ ನಿಯಮದ ಮೇಲೆ ನನಗೆ ಯಾವ ತಕರಾರೂ ಇಲ್ಲ. ಚಿತ್ರದುರ್ಗ ರಾಜ್ಯದ ಒಣ ಜಿಲ್ಲೆಗಳಲ್ಲಿ ಒಂದು. ಗುಡ್ಡಗಳ ಮೇಲೆ ಸಾಲುಸಾಲಾಗಿ ಗಾಳಿಯಂತ್ರ ನಿಲ್ಲಿಸಿದ್ದಾರೆ ಅಂದರೆ ಇಲ್ಲಿ ಗಾಳಿ ಎಷ್ಟು ಅಂತ ಲೆಕ್ಕ ಹಾಕಿಕೊಳ್ಳಿ. ಆಷಾಢದಲ್ಲಿ ಚಳ್ಳಕೆರೆ, ಹಿರಿಯೂರು ಕಡೆ ಬೆಳಿಗ್ಗೆ ಗುಡಿಸಿದ ಪಡಸಾಲೆ ಮಧ್ಯಾಹ್ನಕ್ಕೆ ಕೆಂಪಗಾಗಿರುತ್ತದೆ. ಅದೂ ಅಲ್ಲದೆ ನಮ್ಮ ಬದುಕೆಲ್ಲ ನೆಲದ ಮೇಲೆ. ಉಣ್ಣೋಕೆ ನೆಲ, ಮಲಗೋಕೆ ನೆಲ, ರೊಟ್ಟಿ ಬಡಿಯೋದು ನೆಲದ ಮೇಲೆ ಕೂತು, ಹಪ್ಪಳ ಒತ್ತೋದೂ ಹಾಗೇ, ಮಗು ತೆವಳೋದು ಅದೇ ನೆಲದಲ್ಲಿ. ಹಾಗಿರುವಾಗ ಬೀದಿ ಸಗಣಿ ಮೆಟ್ಟಿದ ಚಪ್ಪಲಿ ಹೊಸಿಲಾಚೆ ಉಳಿಯಲೇಬೇಕು. ಹೊರಗಿಂದ ಬಂದವರಿಗೆ ತಂಬಿಗೆಯಲ್ಲಿ ನೀರು ಕೊಟ್ಟು 'ಕಾಲಿಗೆ ನೀರು ತಗೊಳ್ರಿ' ಅನ್ನುವುದು ಇದಕ್ಕೇ. ಆ ನೀರಿನಲ್ಲಿ ಮರ್ಯಾದೆಯೂ ಇತ್ತು, ಕೆಲಸವೂ ಇತ್ತು. ಸೋಫಾ, ಡೈನಿಂಗ್ ಟೇಬಲ್ ಬಂದ ಮನೆಗಳಲ್ಲಿ ನೀರು ಕೊಡುವುದು ನಿಂತಿತು, ಚಪ್ಪಲಿ ಬಿಡುವುದು ಮಾತ್ರ ಉಳಿಯಿತು.

ಇದು ನಮ್ಮೊಬ್ಬರದೇ ಅಂತ ಬೀಗುವುದೂ ಬೇಡ. ಜಪಾನಿನ ಮನೆಗಳಲ್ಲಿ ಬಾಗಿಲ ಒಳಗೇ ಒಂದು ತಗ್ಗು ಜಾಗ ಇರುತ್ತೆ, ಗೆಂಕಾನ್ ಅಂತಾರೆ. ಶೂ ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿ ಒಳಗೆ ಬರಬೇಕು, ಒಳಗೆ ಹಾಕಿಕೊಳ್ಳೋಕೆ ಬೇರೆ ಚಪ್ಪಲಿ ಕೊಡುತ್ತಾರೆ, ಶೌಚಾಲಯಕ್ಕೆ ಅದೂ ಬೇರೆ. ಮಂತ್ರಿ ಬಂದರೂ ಪ್ಲಂಬರ್ ಬಂದರೂ ಇದೇ ಕ್ರಮ. ಇದು ಪಕ್ಕಾ ಧೂಳಿನ ನಿಯಮ. ನಮ್ಮ ಕಣದ ನಿಯಮವೂ ಇದೇ ಜಾತಿಯದು. ರಾಶಿ ಹಾಕಿದ ಕಣಕ್ಕೆ ಗೌಡನೂ ಮೆಟ್ಟು ಹಾಕಿಕೊಂಡು ಕಾಲಿಡುತ್ತಿರಲಿಲ್ಲ, ಆಳೂ ಇಡುತ್ತಿರಲಿಲ್ಲ, ಯಾಕೆಂದರೆ ಅದು ಎಲ್ಲರೂ ತಿನ್ನುವ ಅನ್ನ. (ಈಗ ಅದೇ ಕಾಳು ರಸ್ತೆಗೆ ಬಂದಿದೆ. ಸುಗ್ಗಿಯಲ್ಲಿ ದಾವಣಗೆರೆ ಸುತ್ತಮುತ್ತ ಮೆಕ್ಕೆಜೋಳವನ್ನ ಟಾರ್ ರಸ್ತೆ ಮೇಲೆ ಒಣಹಾಕಿರುತ್ತಾರೆ, ಲಾರಿ ಟೈರು ಅದರ ಮೇಲೇ ಓಡುತ್ತೆ. ಕಣ ಮಾಡಿಕೊಳ್ಳೋಕೆ ಜಾಗ ಇಲ್ಲದ ರೈತ ಇನ್ನೇನು ಮಾಡಬೇಕು?)

ದರ್ಜೆಯ ನಿಯಮ ಇಷ್ಟು ಸರಳ ಇಲ್ಲ. ಅದು ಚಿಕ್ಕಂದಿನಲ್ಲೇ, ಪ್ರೀತಿಯಿಂದಲೇ, ಅಜ್ಜಿಯ ಬಾಯಲ್ಲೇ ಶುರುವಾಗುತ್ತದೆ. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೋ. ಮಲಗಿದವರನ್ನ ದಾಟಬೇಡ, ಅವರು ಎತ್ತರ ಬೆಳೆಯೋದಿಲ್ಲ. ಕೂತಲ್ಲಿ ಕಾಲು ಅಲ್ಲಾಡಿಸಬೇಡ, ದರಿದ್ರ. ಚಪ್ಪಲಿ ಬೋರಲು ಬಿದ್ದಿದ್ದರೆ ಸರಿ ಮಾಡು, ಮನೆಯಲ್ಲಿ ಜಗಳ ಆಗುತ್ತೆ. ಇವೆಲ್ಲ ಯಾರಿಗೂ ನೋವು ಮಾಡುವಂಥವಲ್ಲ. ಪುಸ್ತಕಕ್ಕೆ ಕಾಲು ತಾಗಿದಾಗ ಕೈ ತಾನಾಗಿ ಕಣ್ಣಿಗೆ ಹೋಗುವುದು ನನಗಂತೂ ಇಷ್ಟವಾದ ಅಭ್ಯಾಸ.

ಮುಂದಿನ ಮೆಟ್ಟಿಲು ಬೇರೆ. ದೊಡ್ಡವರ ಎದುರು ಕಾಲ ಮೇಲೆ ಕಾಲು ಹಾಕಬೇಡ ಅನ್ನುತ್ತಾರೆ, ಆದರೆ ಆ ದೊಡ್ಡವರು ಹಾಕಿಕೊಂಡೇ ಕೂತಿರುತ್ತಾರೆ. ಹೊಸ ಸೊಸೆ ಮನೆತುಂಬುವ ದಿನ ಹೊಸಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟು, ಬಲಗಾಲಲ್ಲಿ ಒದ್ದು ಒಳಗೆ ಬಾ ಅನ್ನುತ್ತಾರೆ. ಬೇರೆ ದಿನ ಒಂದು ಅಗುಳು ಕಾಲಿಗೆ ಸಿಕ್ಕರೂ ಬೈಯುವ ಮನೆಯಲ್ಲಿ ಅವತ್ತು ಸೇರು ಒದೆಯುವುದೇ ಶುಭ, ಯಾಕೆಂದರೆ ಅವತ್ತು ಅವಳು ಲಕ್ಷ್ಮಿ. ಮರುದಿನದಿಂದ ಅದೇ ಲಕ್ಷ್ಮಿ ಮಾವನ ಎದುರು ಕಾಲು ಚಾಚಿ ಕೂರುವಂತಿಲ್ಲ.

ಅಂದರೆ ಕಾಲು ಕೊಳಕು ಅನ್ನುವ ಮಾತು ಪೂರ್ತಿ ನಿಜವಲ್ಲ. ಯಾರ ಕಾಲು ಅನ್ನುವುದರ ಮೇಲೆ ಅದು ನಿಂತಿದೆ. ಲಿಂಗಾಯತರು ತಮ್ಮ ಧರ್ಮದ ಎಂಟು ರಕ್ಷೆ ಅನ್ನುವ ಅಷ್ಟಾವರಣದಲ್ಲಿ ಪಾದೋದಕವೂ ಒಂದು. ಗುರುವಿನ, ಜಂಗಮರ ಪಾದ ತೊಳೆದ ನೀರು ಅಲ್ಲಿ ತೀರ್ಥ. ಮಠಗಳಲ್ಲಿ ಪಾದುಕೆಗೆ ಹೂವೇರಿಸುತ್ತಾರೆ. ರಾಮಾಯಣದಲ್ಲಿ ಭರತ ಸಿಂಹಾಸನದ ಮೇಲಿಟ್ಟಿದ್ದೂ ಪಾದುಕೆಯನ್ನೇ. ಅದೇ ಊರಲ್ಲಿ, ಅದೇ ಬೀದಿಯಲ್ಲಿ, ಕೇರಿಯ ಮನುಷ್ಯ ಗೌಡರ ಮನೆ ಮುಂದೆ ಹಾದು ಹೋಗುವಾಗ ಮೆಟ್ಟು ಕಳಚಿ ಕೈಯಲ್ಲಿ ಹಿಡಿದುಕೊಂಡು ಹೋಗಬೇಕಿತ್ತು. ಒಬ್ಬರ ಪಾದದ ನೀರು ತಲೆಗೆ, ಇನ್ನೊಬ್ಬರ ಮೆಟ್ಟು ಅವರದೇ ಕೈಗೆ. ಧೂಳಿನ ಲೆಕ್ಕ ಇಲ್ಲಿ ಎಲ್ಲೂ ಇಲ್ಲ. ಪುರುಷಸೂಕ್ತ ವಿರಾಟ್ ಪುರುಷನ ಪಾದದಿಂದ ಶೂದ್ರ ಹುಟ್ಟಿದ ಅನ್ನುತ್ತದೆ. ಆ ಪಾದದಲ್ಲೂ ಜಾಗ ಸಿಗದೆ ಅದರಾಚೆ ಉಳಿದವರ ಕೈಗೆ ಬಂದದ್ದು ಸತ್ತ ದನದ ಚರ್ಮ ಸುಲಿಯುವ, ಹದ ಮಾಡುವ, ಮೆಟ್ಟು ಹೊಲಿಯುವ ಕೆಲಸ.

ಇದನ್ನ ತಲೆಕೆಳಗು ಮಾಡೋಕೆ 12ನೇ ಶತಮಾನದಲ್ಲೇ ಒಂದು ದೊಡ್ಡ ಪ್ರಯತ್ನ ನಡೆದಿತ್ತು, ನಮ್ಮ ಕಡೆ ಹರಳಯ್ಯನ ಕಥೆ ಗೊತ್ತಿಲ್ಲದವರು ಕಡಿಮೆ. ಸಮಗಾರ ಹರಳಯ್ಯ ಎದುರಿಗೆ ಬಂದ ಬಸವಣ್ಣನಿಗೆ ಶರಣು ಅಂದ, ಬಸವಣ್ಣ ಶರಣು ಶರಣಾರ್ಥಿ ಅಂತ ಎರಡು ಸಲ ತಿರುಗಿ ಹೇಳಿದರು. ಆ ಹೆಚ್ಚಿನ ಶರಣಿನ ಋಣ ಹೇಗೆ ತೀರಿಸಲಿ ಅಂತ ಹರಳಯ್ಯ, ಅವನ ಹೆಂಡತಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ತಂದರು. ಬಸವಣ್ಣ ಅದನ್ನ ಮೆಟ್ಟಲಿಲ್ಲ, ತಲೆ ಮೇಲೆ ಇಟ್ಟುಕೊಂಡರು ಅಂತ ಕಥೆ. ಕಥೆ ಇಲ್ಲಿಗೇ ನಿಂತಿದ್ದರೆ ಎಲ್ಲರಿಗೂ ಚೆಂದ, ಈಗಿನ ಭಾಷಣಗಳಲ್ಲಿ ಇಲ್ಲಿಗೇ ನಿಲ್ಲಿಸುತ್ತಾರೆ ಕೂಡ. ಆದರೆ ಹರಳಯ್ಯನ ಮಗನಿಗೆ ಬ್ರಾಹ್ಮಣ ಹುಟ್ಟಿನ ಮಧುವರಸ ಮಗಳನ್ನ ಕೊಟ್ಟ. ಪಾದರಕ್ಷೆ ತಲೆಗೇರಿದ್ದನ್ನ ಸಹಿಸಿಕೊಂಡ ಕಲ್ಯಾಣ ಈ ಮದುವೆಯನ್ನ ಸಹಿಸಲಿಲ್ಲ. ಬಿಜ್ಜಳನ ಆಳ್ವಿಕೆಯಲ್ಲಿ ಇಬ್ಬರು ಬೀಗರನ್ನೂ ಎಳೆಸಿ ಕೊಲ್ಲಿಸಿದರು, ಕಲ್ಯಾಣ ಹೊತ್ತಿ ಉರಿಯಿತು. ಚಪ್ಪಲಿ ವಿಷಯದಲ್ಲಿ ಉದಾರವಾಗುವುದು ಸುಲಭ, ಹೆಣ್ಣು ಕೊಡುವ ಮಾತು ಬಂದಾಗ ಬಣ್ಣ ಗೊತ್ತಾಗುತ್ತೆ, ಇವತ್ತಿಗೂ.

ಇದೆಲ್ಲ ಹಳೇ ಕಾಲದ್ದು ಅನ್ನುವವರಿಗೆ ಕಾನೂನಿನ ಪುಸ್ತಕ ತೋರಿಸಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ ಬಂದದ್ದು 1989ರಲ್ಲಿ. 2015ರಲ್ಲಿ ಅದಕ್ಕೆ ತಿದ್ದುಪಡಿ ಮಾಡಿ ಅಪರಾಧಗಳ ಪಟ್ಟಿ ಉದ್ದ ಮಾಡಿದರು, 2016ರ ಜನವರಿ 26ರಿಂದ ಜಾರಿಗೆ ಬಂತು. ಆ ಪಟ್ಟಿಯಲ್ಲಿ ಚಪ್ಪಲಿ ಎರಡು ಕಡೆ ಬರುತ್ತದೆ. ದಲಿತರಿಗೆ ಅಥವಾ ಆದಿವಾಸಿಗಳಿಗೆ ಚಪ್ಪಲಿ ಹಾರ ಹಾಕುವುದು ಒಂದು ಅಪರಾಧ. ಅವರು ಸಾರ್ವಜನಿಕ ಜಾಗದಲ್ಲಿ ಚಪ್ಪಲಿ ಹಾಕಿಕೊಳ್ಳುವುದಕ್ಕೆ, ಹೊಸ ಬಟ್ಟೆ ಉಡುವುದಕ್ಕೆ, ಸೈಕಲ್ ಅಥವಾ ಬೈಕ್ ಹತ್ತುವುದಕ್ಕೆ, ಮದುವೆ ಮೆರವಣಿಗೆ ಮಾಡುವುದಕ್ಕೆ ಅಡ್ಡಿ ಮಾಡುವುದು ಇನ್ನೊಂದು. ಶಿಕ್ಷೆ 6 ತಿಂಗಳಿಂದ 5 ವರ್ಷ, ಜೊತೆಗೆ ದಂಡ. ಎಲ್ಲೂ ನಡೆಯದ ಸಂಗತಿಯನ್ನ ಸಂಸತ್ತು ಹೀಗೆ ಒಂದೊಂದಾಗಿ ಹೆಸರಿಟ್ಟು ಬರೆಯುವುದಿಲ್ಲ. ಚಪ್ಪಲಿ ಹಾಕಿಕೊಂಡು ರಸ್ತೆಯಲ್ಲಿ ನಡೆಯುವುದನ್ನ ಒಬ್ಬರ ಹಕ್ಕು ಅಂತ 2015ರಲ್ಲೂ ಕಾಯ್ದೆಯಲ್ಲಿ ಬರೆದು ಕಾಪಾಡಬೇಕಾಯಿತು.

ಹಾರ ಹಾಕುವವರಿಗೂ ಎಸೆಯುವವರಿಗೂ ಚಪ್ಪಲಿಯ ಅರ್ಥ ಚೆನ್ನಾಗಿ ಗೊತ್ತು. 2025ರ ಅಕ್ಟೋಬರ್ 6ರಂದು ಸುಪ್ರೀಂ ಕೋರ್ಟಿನಲ್ಲಿ ಕಲಾಪ ನಡೆಯುತ್ತಿರುವಾಗಲೇ ಒಬ್ಬ ವಕೀಲ ಆಗಿನ ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಅವರ ಕಡೆ ಶೂ ಎಸೆಯಲು ಹೋದ. ಖಜುರಾಹೊದ ವಿಷ್ಣು ಮೂರ್ತಿಯ ಕೇಸಿನಲ್ಲಿ ಅವರು ಆಡಿದ ಒಂದು ಮಾತಿಗೆ ಸಿಟ್ಟು ಅಂತ ಕಾರಣ ಕೊಟ್ಟ. ಸಿಟ್ಟು ತೋರಿಸೋಕೆ ದಾರಿ ಬೇಕಾದಷ್ಟಿದ್ದವು, ವಕೀಲನಿಗಂತೂ ಇನ್ನೂ ಜಾಸ್ತಿ. ಶೂ ಎಸೆದರೆ ಮೈಗೆ ಪೆಟ್ಟಾಗುವುದು ಅಷ್ಟಕ್ಕಷ್ಟೇ. 'ನಿನ್ನ ಜಾಗ ಇಲ್ಲಿ, ನನ್ನ ಕಾಲ ಹತ್ತಿರ' ಅಂತ ಹೇಳೋದಕ್ಕೆ ಅದನ್ನ ಎಸೆಯುವುದು. ದಲಿತ ಕುಟುಂಬದಲ್ಲಿ ಹುಟ್ಟಿ ದೇಶದ ಅತಿ ಎತ್ತರದ ನ್ಯಾಯಪೀಠದಲ್ಲಿ ಕೂತವರ ಕಡೆ ಅದನ್ನ ಎತ್ತಿದಾಗ ಈ ಅರ್ಥ ಇನ್ನೂ ದಪ್ಪವಾಗುತ್ತದೆ, ಎತ್ತಿದವನು ಏನೇ ಕಾರಣ ಕೊಡಲಿ. ನ್ಯಾಯಮೂರ್ತಿಗಳು ವಿಚಲಿತರಾಗದೆ ಕಲಾಪ ಮುಂದುವರಿಸಿದರು. 'ಚಪ್ಪಲೀಲಿ ಹೊಡೀತೀನಿ' ಅನ್ನುವ ಬೈಗುಳ 'ದೊಣ್ಣೇಲಿ ಹೊಡೀತೀನಿ' ಅನ್ನುವುದಕ್ಕಿಂತ ಯಾಕೆ ಜಾಸ್ತಿ ಉರಿಯುತ್ತೆ ಅಂತ ಯೋಚಿಸಿದರೆ ಇದೇ ಉತ್ತರ ಸಿಗುತ್ತದೆ. ಹೊಸ ಕಟ್ಟಡಕ್ಕೆ, ಲಾರಿ ಹಿಂದಕ್ಕೆ ಹಳೇ ಚಪ್ಪಲಿ ಕಟ್ಟುತ್ತೀವಲ್ಲ, ಕೆಟ್ಟ ದೃಷ್ಟಿಗೂ ಅದೇ ಅವಮಾನ ಅಂತಲೋ ಏನೋ.

ಚಪ್ಪಲಿ ಮಾಡುವವರ ಕಥೆ ಬೇರೇನೇ ಬರೆಯಬೇಕು, ಇಲ್ಲಿ ಒಂದೆರಡು ಮಾತು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಇಂಥ ಜಾಗದ್ದೇ ಅನ್ನುವ ಗುರುತು, ಸಿಕ್ಕಿತು. ಅದರಲ್ಲಿ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಇವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಅದೇ ಥರದ ಚಪ್ಪಲಿಯನ್ನ ಮಿಲಾನ್ ಫ್ಯಾಷನ್ ಶೋನಲ್ಲಿ ಹೆಸರು ಹೇಳದೆ ತೋರಿಸಿ ಬೈಸಿಕೊಂಡಿತು. ಡಿಸೆಂಬರ್‌ನಲ್ಲಿ ಸರ್ಕಾರಿ ಚರ್ಮ ನಿಗಮಗಳಾದ ನಮ್ಮ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್ಕಾಮ್ ಜೊತೆ ಒಪ್ಪಂದ ಮಾಡಿಕೊಂಡಿತು: ಸುಮಾರು 2,000 ಜೊತೆ, ಒಂದು ಜೊತೆಗೆ ಸುಮಾರು 800 ಯೂರೋ. ಹೆಸರು ಬಂತು, ಸಂತೋಷ. ಬಸ್ ಸ್ಟ್ಯಾಂಡ್ ಪಕ್ಕ ಛತ್ರಿ ಕೆಳಗೆ ಕೂತ ಚಮ್ಮಾರರ ಮುಂದೆ ನಾವು ಹರಿದ ಚಪ್ಪಲಿಯನ್ನ ಕೈಯಲ್ಲಿ ಕೊಡದೆ ಕಾಲಲ್ಲೇ ತಳ್ಳುವುದು ಮಾತ್ರ ನಿಂತಿಲ್ಲ. ನಾವು ಬರಿಗಾಲಲ್ಲಿ ನಿಲ್ಲಬಾರದು ಅಂತ ಅವರು ಒಂದು ಜೊತೆ ಹಳೇ ಚಪ್ಪಲಿ ನಮ್ಮ ಕಡೆ ಸರಿಸುತ್ತಾರೆ, ಅದು ಕೈಯಲ್ಲಿ.

ಈಗ ಮನೆಯೊಳಗೆ ಬರೋಣ. ಗ್ಯಾಸ್ ಸಿಲಿಂಡರ್ ತರುವವರನ್ನ ಒಂದು ದಿನ ಗಮನಿಸಿ ನೋಡಿ. ಒಳಗೆ 14.2 ಕೆ.ಜಿ. ಗ್ಯಾಸು, ಕಬ್ಬಿಣವೂ ಸೇರಿ ತೂಕ 30 ಕೆ.ಜಿ. ಹತ್ತಿರ. ಎರಡನೇ ಮಹಡಿಗೆ ಹೆಗಲ ಮೇಲೆ ಹೊತ್ತು ತಂದವರಿಗೆ ಬಾಗಿಲಲ್ಲಿ ನಾವು ಹೇಳುವ ಮೊದಲ ಮಾತು 'ಚಪ್ಪಲಿ ಬಿಟ್ಟು ಬನ್ನಿ'. ಅವರು ಭಾರ ಇಳಿಸದೆ ಒಂದು ಕಾಲಿನಿಂದ ಇನ್ನೊಂದು ಕಾಲಿನ ಚಪ್ಪಲಿ ಒತ್ತಿ ಕಳಚುತ್ತಾರೆ, ಆಮೇಲೆ ಬರಿಗಾಲಲ್ಲಿ ನುಣ್ಣನೆ ಟೈಲ್ಸ್ ಮೇಲೆ ಅಡುಗೆಮನೆವರೆಗೆ ನಡೆಯುತ್ತಾರೆ. ಸಿಲಿಂಡರ್ ಕೈಜಾರಿ ಬರಿಗಾಲಿನ ಮೇಲೆ ಬಿದ್ದರೆ? ಎಲೆಕ್ಟ್ರಿಷಿಯನ್ ವಿಷಯ ಇನ್ನೂ ಅಪಾಯ. 230 ವೋಲ್ಟ್ ಲೈನ್ ಮುಟ್ಟುವವರ ಕಾಲ ಕೆಳಗೆ ಒಣಗಿದ ರಬ್ಬರ್ ಸೋಲ್ ಇದ್ದರೆ ಕರೆಂಟು ನೆಲಕ್ಕೆ ಹರಿಯುವ ದಾರಿಗೆ ಅಡ್ಡ ಸಿಕ್ಕಂತೆ. ಬಚ್ಚಲುಮನೆಯ ಗೀಸರ್ ನೋಡೋಕೆ ಬಂದವರ ಚಪ್ಪಲಿ ಬಿಡಿಸಿ ಒದ್ದೆ ನೆಲದ ಮೇಲೆ ನಿಲ್ಲಿಸುವುದು ಸಂಸ್ಕೃತಿಯೂ ಅಲ್ಲ, ಬುದ್ಧಿವಂತಿಕೆಯೂ ಅಲ್ಲ. ಅದೇ ಮನೆಗೆ ಲೋನ್ ಪಾಸ್ ಮಾಡುವ ಮ್ಯಾನೇಜರ್ ಶೂ ಸಮೇತ ಬಂದರೆ 'ಪರವಾಗಿಲ್ಲ ಸಾರ್, ಹಾಗೇ ಬನ್ನಿ ಸಾರ್'. ಈ 'ಪರವಾಗಿಲ್ಲ ಸಾರ್' ಇದೆಯಲ್ಲ, ನಾನು ಹೇಳಿದ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. ಮನೆಕೆಲಸಕ್ಕೆ ಬರುವ ಅಕ್ಕನ ಚಪ್ಪಲಿ ನಮ್ಮ ಚಪ್ಪಲಿ ಸ್ಟ್ಯಾಂಡಿನಲ್ಲಿ ಇರುತ್ತದಾ, ಮೆಟ್ಟಿಲ ಕೆಳಗೆ ಮೂಲೆಯಲ್ಲಿ ಇರುತ್ತದಾ ಅನ್ನುವುದನ್ನೂ ಒಮ್ಮೆ ನೋಡಿ.

ಆರೋಗ್ಯದ ಮಾತು ಬಂದರೆ ಧೂಳಿನ ನಿಯಮವನ್ನೂ ಸ್ವಲ್ಪ ಸಡಿಲಿಸಬೇಕಾಗುತ್ತೆ. 2023ರಲ್ಲಿ ಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ ಇದೆ. ವರ್ಷಗಟ್ಟಲೆ ಶುಗರ್ ಇದ್ದ ಎಷ್ಟೋ ಜನರಲ್ಲಿ ಪಾದದ ನರಗಳು ಜೋಮು ಹಿಡಿದು ಮುಳ್ಳು ಚುಚ್ಚಿದರೂ, ಬಿಸಿ ತಾಗಿದರೂ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಹುಣ್ಣಾಗಿರುತ್ತದೆ, ಕೆಲವರಿಗೆ ಬೆರಳೋ ಪಾದವೋ ತೆಗೆಯುವ ಮಟ್ಟಕ್ಕೂ ಹೋಗುತ್ತದೆ. ಇಂಥವರು ಮನೆಯೊಳಗೂ ಬರಿಗಾಲಲ್ಲಿ ಓಡಾಡಬಾರದು ಅಂತ ಅಂತಾರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ಆ ಮಾತು ಹೇಳಬೇಕಾದ ಕ್ಲಿನಿಕ್ಕೇ ಚಪ್ಪಲಿ ಬಿಡಿಸುತ್ತದೆ. ಏಪ್ರಿಲ್ ಮಧ್ಯಾಹ್ನ ದುರ್ಗದ ಕೋಟೆಯೊಳಗೆ ಗುಡಿ ಮುಂದಿನ ಬಂಡೆ ಮೇಲೆ ಕಾಲಿಟ್ಟವರಿಗೆ ಗೊತ್ತು, ನರ ಚೆನ್ನಾಗಿದ್ದವರೇ ಕುಣಿಯುತ್ತಾರೆ. ಗುಡಿಯಲ್ಲಿ ತೆಂಗಿನ ನಾರಿನ ಮ್ಯಾಟ್ ಹಾಸಬಹುದು, ಕಾಲುಚೀಲ ಹಾಕಿಕೊಂಡು ಬರೋಕೆ ಬಿಡಬಹುದು. ಕ್ಲಿನಿಕ್ಕಿನಲ್ಲಿ ಒಂದು ಬೆಂಚು, ಒಂದಷ್ಟು ತೊಳೆದ ರಬ್ಬರ್ ಚಪ್ಪಲಿ ಇಟ್ಟರೆ ಮುಗಿಯಿತು. ಆಪರೇಷನ್ ಥಿಯೇಟರಿಗೆ ಹೋಗುವಾಗ ಡಾಕ್ಟರುಗಳು ತಾವೂ ಚಪ್ಪಲಿ ಬದಲಿಸಿಕೊಳ್ಳುತ್ತಾರಲ್ಲ, ಅದೇ ಪದ್ಧತಿ.

ಕಾಲಿಗೆ ಬೀಳುವುದರ ಬಗ್ಗೆಯೂ ಜನ ಕೇಳುತ್ತಾರೆ. ಹಬ್ಬದ ದಿನ ಅಜ್ಜಿಯ ಕಾಲು ಮುಟ್ಟುವುದರಲ್ಲಿ ತಪ್ಪೇನೂ ಕಾಣುವುದಿಲ್ಲ ನನಗೆ. ಇವತ್ತು ಮುಟ್ಟುವ ಮೊಮ್ಮಗ ನಾಳೆ ಮುಟ್ಟಿಸಿಕೊಳ್ಳುವ ಅಜ್ಜ ಆಗುತ್ತಾನೆ, ವಯಸ್ಸು ಎಲ್ಲರಿಗೂ ಆಗುವಂಥದ್ದು. ಹರಿಹರದಲ್ಲಿ ಹರಿಹರೇಶ್ವರನ ಗುಡಿಯೂ ಇದೆ, ಆರೋಗ್ಯ ಮಾತೆಯ ಚರ್ಚೂ ಇದೆ. ಕ್ಯಾಥೊಲಿಕ್ ಚರ್ಚುಗಳಲ್ಲಿ ಈಸ್ಟರಿಗೆ ಮುಂಚಿನ ಗುರುವಾರ ಪಾದ್ರಿಯೇ ಬಗ್ಗಿ ಭಕ್ತರ ಕಾಲು ತೊಳೆಯುತ್ತಾರೆ. ಗುರುದ್ವಾರಗಳಲ್ಲಿ ಬಂದವರ ಚಪ್ಪಲಿ ಒರೆಸಿಡುವುದು ಸೇವೆ, ಕಾರಲ್ಲಿ ಬಂದವರೂ ಅದನ್ನ ಮಾಡುತ್ತಾರೆ. ವರ್ಷಕ್ಕೆ ಒಂದು ದಿನವಾದರೂ ಮೇಲಿನವರು ಬಗ್ಗುತ್ತಾರೆ ಅಂದರೆ ಅದರ ರುಚಿಯೇ ಬೇರೆ. ನಮ್ಮ ಕಡೆ ಧಾರೆ ಹೊತ್ತಲ್ಲಿ ಹೆಣ್ಣಿನ ಅಪ್ಪ ಅಮ್ಮ ಅಳಿಯನ ಕಾಲು ತೊಳೆಯುತ್ತಾರೆ. ಗಂಡಿನ ಅಪ್ಪ ಅಮ್ಮ ಸೊಸೆಯ ಕಾಲು ತೊಳೆದದ್ದನ್ನ ಯಾವ ಛತ್ರದಲ್ಲೂ ಕಂಡಿಲ್ಲ. ಇನ್ನು ಕೆಲಸ ಆಗಬೇಕು ಅಂತ ಆಫೀಸರ ಕಾಲಿಗೆ, ಟಿಕೆಟ್ ಬೇಕು ಅಂತ ಲೀಡರ್ ಕಾಲಿಗೆ ಬೀಳುವುದಕ್ಕೆ ಭಕ್ತಿ ಅಂತ ಹೆಸರು ಕೊಡುವುದು ಭಕ್ತಿಗೇ ಅವಮಾನ.

ನನಗೆ ಜಾಸ್ತಿ ಚಿಂತೆ ಶಾಲೆಯದು, ಯಾಕೆಂದರೆ ಅಭ್ಯಾಸ ಬೀಳುವುದು ಅಲ್ಲಿ. 2025ರ ಜುಲೈನಲ್ಲಿ ಕೇರಳದ ಕೆಲವು ಶಾಲೆಗಳಲ್ಲಿ ಗುರುಪೂರ್ಣಿಮೆಗೆ ಮಕ್ಕಳಿಂದ ಶಿಕ್ಷಕರ ಪಾದ ತೊಳೆಸಿದ್ದು ದೊಡ್ಡ ಗಲಾಟೆಯಾಯಿತು. ಫೆಬ್ರವರಿಯಲ್ಲಿ ಅಪ್ಪ ಅಮ್ಮನನ್ನ ಕರೆಸಿ ಸಾಮೂಹಿಕ ಪಾದಪೂಜೆ ಮಾಡಿಸುವ ಶಾಲೆಗಳೂ ಇವೆ. ಫೋಟೋ ಚೆನ್ನಾಗಿ ಬರುತ್ತವೆ. ಅಪ್ಪ ಅಮ್ಮ ಇಬ್ಬರೂ ಗುಳೆ ಹೋಗಿ ಅಜ್ಜಿ ಹತ್ತಿರ ಬೆಳೆಯುತ್ತಿರುವ ಮಗು ಆ ಹೊತ್ತು ಎಲ್ಲಿ ನಿಲ್ಲಬೇಕು ಅಂತ ಯಾರೂ ಕೇಳುವುದಿಲ್ಲ. ದಿನಾ ಕಾಣುವ ವಿಷಯ ಇನ್ನೊಂದಿದೆ. 2015-16ರಿಂದ ಸರ್ಕಾರಿ ಶಾಲೆಯ ಮಕ್ಕಳಿಗೆ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಬಿಳಿ ಸಾಕ್ಸ್ ಕೊಡುತ್ತಿದ್ದಾರೆ, ಜನ 'ಶೂ ಭಾಗ್ಯ' ಅಂತಾರೆ. ಒಳ್ಳೆಯದೇ. ಆದರೆ ನೆಲದ ಮೇಲೆ ಕೂತು ಆಡುತ್ತಾ ಕಲಿಯುವ ನಲಿ-ಕಲಿ ತರಗತಿಯ ಚಿಕ್ಕ ಮಕ್ಕಳು ಶೂ ಬಾಗಿಲಲ್ಲಿ ಬಿಟ್ಟು ಕ್ಲಾಸಿಗೆ ಹೋಗುತ್ತವೆ. ಮಧ್ಯೆ ಒಂದಕ್ಕೆ ಬಿಟ್ಟಾಗ ಲೇಸು ಕಟ್ಟಿಕೊಳ್ಳುವಷ್ಟು ವ್ಯವಧಾನ ಯಾವ ಮಗುವಿಗಿದೆ? ಬರಿಗಾಲಲ್ಲೇ ಶೌಚಾಲಯಕ್ಕೆ ಓಟ, ಅದೇ ಕಾಲಲ್ಲಿ ವಾಪಸ್ ಬಂದು ಜಮಖಾನದ ಮೇಲೆ. ಕೊಕ್ಕೆಹುಳದ ಮರಿ ಮೈಯೊಳಗೆ ಹೋಗುವುದು ಮುಖ್ಯವಾಗಿ ಬರಿಗಾಲಿನ ಚರ್ಮದ ಮೂಲಕ, ಅದು ರಕ್ತ ಹೀರುತ್ತದೆ ಅಂತಲೂ ಮಕ್ಕಳಿಗೆ ಜಂತುಹುಳದ ಮಾತ್ರೆ ನುಂಗಿಸುತ್ತೇವೆ. ಮಾತ್ರೆಯೂ ಕೊಟ್ಟು, ಶೂವನ್ನೂ ಕೊಟ್ಟು, ಬೇಕಾದ ಹೊತ್ತಿಗೆ ಬರಿಗಾಲು. ಟೀಚರು ಮಾತ್ರ ಎಷ್ಟೋ ಕಡೆ ಚಪ್ಪಲಿ ಹಾಕಿಕೊಂಡೇ ಆ ಜಮಖಾನದ ಪಕ್ಕ ಓಡಾಡುತ್ತಿರುತ್ತಾರೆ. ಶಾಲೆ ನೋಡಿಕೊಳ್ಳುವ ಸಮಿತಿಯ (ಎಸ್‌ಡಿಎಂಸಿ) ಮುಂದಿನ ಸಭೆಯಲ್ಲಿ ಅಪ್ಪ ಅಮ್ಮಂದಿರು ಎರಡು ವಿಷಯ ಎತ್ತಬಹುದು. ಚಿಕ್ಕ ಮಕ್ಕಳಿಗೆ ಲೇಸಿಲ್ಲದ, ತಟ್ಟನೆ ಹಾಕಿ ತೆಗೆಯುವ ಪಾದರಕ್ಷೆ ಕೊಡಿ ಅಂತ ಒಂದು. ಶೌಚಾಲಯದ ಬಾಗಿಲಲ್ಲಿ ಹತ್ತಿಪ್ಪತ್ತು ಜೊತೆ ರಬ್ಬರ್ ಚಪ್ಪಲಿ ಇಡಿ, ಟೀಚರೂ ಅದನ್ನೇ ಹಾಕಿಕೊಂಡು ಹೋಗಿ ಬರಲಿ ಅಂತ ಇನ್ನೊಂದು.